ಓಡುವ ಪ್ರಾಣಿಗೆ ಗುಂಡು ಹೊಡೆಯಬೇಕೇ? ಮೂರು ಸೆಕೆಂಡು ಇತ್ತು, ನಾನು ಹೊಡೆಯಲಿಲ್ಲ

ಮುಂಜಾವು (ಪ್ರಶ್ನೆ)

ಬೇಟೆಯ ಪರವಾನಗಿ ಪಡೆದ ಮೇಲೆ ನನಗಿದು ಎರಡನೆಯ ಋತು. ಕಾನೂನು ಒಪ್ಪಿದ ಕಾಲ, ಒಪ್ಪಿದ ಪ್ರಾಣಿ, ಅನುಮತಿ ಇರುವ ಕಾಡು. ಅದರಲ್ಲಿ ಗೊಂದಲವಿಲ್ಲ. ನನ್ನನ್ನು ಕಾಡುತ್ತಿರುವುದು ಮೂರು ಸೆಕೆಂಡು.

ಕಳೆದ ವಾರ ಒಂಬತ್ತು ಜನ ಸೇರಿ ಸೋವುಬೇಟೆಗೆ, ಅಂದರೆ ಕೆಲವರು ಕೂಗುತ್ತಾ ಪ್ರಾಣಿಗಳನ್ನು ಕೋವಿಯವರ ಕಡೆಗೆ ಅಟ್ಟುವ ಬೇಟೆಗೆ, ಹೋಗಿದ್ದೆವು. ನನಗೆ ಕೊಟ್ಟ ಬಿಲ್ಲು, ಅಂದರೆ ಕೋವಿ ಹಿಡಿದು ನಿಲ್ಲುವ ಜಾಗ, ಎರಡು ಪೊದೆಗಾಡುಗಳ ನಡುವಿನ ತೆರಪೊಂದರ ಎದುರಿಗಿತ್ತು. ತೆರಪಿನ ಅಗಲವನ್ನು ಬೆಳಿಗ್ಗೆಯೇ ಹೆಜ್ಜೆ ಹಾಕಿ ಅಳೆದಿದ್ದೆ, 12 ಮೀಟರ್. ನಾನು ನಿಂತಲ್ಲಿಂದ ಅಲ್ಲಿಗೆ 60 ಮೀಟರ್. ಹಿಂದೆ ಮಣ್ಣಿನ ದಿಬ್ಬ ಇದ್ದುದರಿಂದ ಗುಂಡು ತಪ್ಪಿದರೂ ನೆಲ ಸೇರುತ್ತಿತ್ತು. ಸೋವುವವರ ಕೂಗು ಇನ್ನೂ ದೂರದಲ್ಲಿದ್ದಾಗಲೇ ಒಂದು ಹೆಣ್ಣು ಜಿಂಕೆ ಎಡಗಡೆಯಿಂದ ಸಣ್ಣ ಓಟದಲ್ಲಿ ಬಂದಿತು. ರೈಫಲ್ ಭುಜಕ್ಕೇರಿತ್ತು, ಸೇಫ್ಟಿ ತೆಗೆದಿದ್ದೆ. ಅದರ ಭುಜದ ಹಿಂದಿನ ಜಾಗ ಸ್ಕೋಪಿನೊಳಗೆ ಕಾಣಿಸಿತು, ಜಾರಿತು, ಮತ್ತೆ ಕಾಣಿಸಿತು. ನಾನು ಟ್ರಿಗರ್ ಒತ್ತಲಿಲ್ಲ. ಅದು ಬಲಗಡೆಯ ಪೊದೆ ಸೇರಿತು.

ಸಂಜೆ ಎಲ್ಲರೂ ಸೇರಿದಾಗ ಗುಂಪಿನ ಹಿರಿಯರೊಬ್ಬರು, “ಅಷ್ಟು ಹತ್ತಿರದಲ್ಲಿ, ಅಷ್ಟು ನಿಧಾನವಾಗಿ ಹೋಗುವುದನ್ನೂ ಬಿಟ್ಟರೆ ನಿಮಗೆ ಬಿಲ್ಲು ಕೊಟ್ಟು ಏನು ಪ್ರಯೋಜನ?” ಎಂದರು. ಇನ್ನೊಬ್ಬರು, “ಮೂಗಿಗೆ ಗುರಿ ಇಟ್ಟು ಒತ್ತಿದ್ದರೆ ಸಾಕಿತ್ತು” ಎಂದರು. ಮೂರನೆಯವರು, “ಮೂಗಿಗಲ್ಲ, ಭುಜಕ್ಕೇ ಇಡಬೇಕು, ಕೋವಿ ನಿಲ್ಲಿಸದಿದ್ದರೆ ಆಯಿತು” ಎಂದರು. ಮೂವರೂ ನನಗಿಂತ ಹೆಚ್ಚು ಕಂಡವರು, ಮೂವರದೂ ಬೇರೆ ಬೇರೆ ಮಾತು.

ನನ್ನ ಪ್ರಶ್ನೆ ಎರಡು. 60 ಮೀಟರಿನಲ್ಲಿ ಹಾಗೆ ಹೋಗುವ ಪ್ರಾಣಿಗೆ ನಿಜವಾಗಿ ಎಲ್ಲಿ ಗುರಿ ಇಡಬೇಕು? ಅದು ಗೊತ್ತಾದ ಮೇಲೂ ಉಳಿಯುವುದು ಎರಡನೆಯದು: ಹೊಡೆಯಬೇಕೇ? ಮುಂದಿನ ವಾರ ಮತ್ತೆ ಅದೇ ಬಿಲ್ಲಿನಲ್ಲಿ ನಿಲ್ಲುವವಳಿದ್ದೇನೆ.

---

ಹಳೆಯ ಹೆಜ್ಜೆ

ಮುಂಜಾವು ಅವರೇ, ನಾನು ರೈಫಲ್ ಹಿಡಿದು 26 ವರ್ಷವಾಯಿತು. ನೀವು ಬಿಟ್ಟದ್ದು ಸರಿ ಎಂಬುದನ್ನು ಮೊದಲು ಹೇಳುತ್ತೇನೆ. ಯಾಕೆ ಎಂಬುದಕ್ಕೆ ಲೆಕ್ಕ ಕೊಡುತ್ತೇನೆ. ಬರಿಯ ಸಮಾಧಾನದ ಮಾತಿನಿಂದ ನಿಮಗೆ ಉಪಯೋಗವಿಲ್ಲ.

ಸಾಮಾನ್ಯ ರೈಫಲ್ ಗುಂಡಿನ ಸರಾಸರಿ ವೇಗ ಸೆಕೆಂಡಿಗೆ 780 ಮೀಟರ್ ಎಂದಿಟ್ಟುಕೊಳ್ಳಿ. 60 ಮೀಟರ್ ಹೋಗಲು ಅದಕ್ಕೆ 0.077 ಸೆಕೆಂಡು ಬೇಕು. ನಿಮ್ಮ ಜಿಂಕೆ 12 ಮೀಟರ್ ತೆರಪನ್ನು ಮೂರು ಸೆಕೆಂಡಿನಲ್ಲಿ ದಾಟಿದೆ, ಅಂದರೆ ಸೆಕೆಂಡಿಗೆ 4 ಮೀಟರ್. ಗುಂಡು ದಾರಿಯಲ್ಲಿರುವಾಗಲೇ ಅದು 31 ಸೆಂಟಿಮೀಟರ್ ಮುಂದೆ ಹೋಗಿರುತ್ತದೆ. ಜಿಂಕೆಯ ಹೃದಯ ಮತ್ತು ಶ್ವಾಸಕೋಶ ಸೇರಿದ ಜಾಗ ಪಕ್ಕದಿಂದ ನೋಡಿದರೆ 20ರಿಂದ 25 ಸೆಂಟಿಮೀಟರ್. ಈಗ ನೀವೇ ಕೂಡಿಸಿ ನೋಡಿ. ಭುಜದ ಹಿಂದಕ್ಕೆ ನಿಖರವಾಗಿ ಗುರಿ ಇಟ್ಟು ನಿಖರವಾಗಿಯೇ ಹೊಡೆದಿದ್ದರೆ ಗುಂಡು ಹೊಟ್ಟೆಗೆ ಹೋಗುತ್ತಿತ್ತು. ಅದೇ ಜಿಂಕೆ ಹೆದರಿ ಸೆಕೆಂಡಿಗೆ 11 ಮೀಟರಿನಂತೆ ನೆಗೆದಿದ್ದರೆ ಅಂತರ 85 ಸೆಂಟಿಮೀಟರ್ ಆಗುತ್ತಿತ್ತು.

ಇದು ಗುಂಡಿನ ಲೆಕ್ಕ ಮಾತ್ರ. ನಿಮ್ಮ ಲೆಕ್ಕ ಇನ್ನೂ ದೊಡ್ಡದು. ಕಣ್ಣು “ಈಗ” ಎಂದು ಹೇಳಿದ ಕ್ಷಣಕ್ಕೂ ಬೆರಳು ಒತ್ತುವ ಕ್ಷಣಕ್ಕೂ ನಡುವೆ ಸುಮಾರು 0.2 ಸೆಕೆಂಡು ಕಳೆಯುತ್ತದೆ. ಕೋವಿಯನ್ನು ಒಂದೇ ಕಡೆ ನಿಲ್ಲಿಸಿ ಪ್ರಾಣಿ ಗುರಿಯೊಳಗೆ ಬರಲಿ ಎಂದು ಕಾದರೆ, ಆ 0.2 ಸೆಕೆಂಡಿನಲ್ಲಿ ನಿಮ್ಮ ಜಿಂಕೆ ಇನ್ನೂ 80 ಸೆಂಟಿಮೀಟರ್ ಹೋಗುತ್ತದೆ, ನಾಗಾಲೋಟದ್ದಾದರೆ 2 ಮೀಟರಿಗೂ ಹೆಚ್ಚು. ಆದ್ದರಿಂದಲೇ ಕೋವಿ ಪ್ರಾಣಿಯ ಜೊತೆಗೇ ಚಲಿಸಬೇಕು, ಒತ್ತಿದ ಮೇಲೂ ನಿಲ್ಲಬಾರದು. ಜೊತೆಗೆ ಚಲಿಸಿದರೆ ನಿಮ್ಮ ತಡ ಲೆಕ್ಕದಿಂದ ಹೊರಗೆ ಹೋಗುತ್ತದೆ, ಗುಂಡಿನ ತಡ ಮಾತ್ರ ಉಳಿಯುತ್ತದೆ.

ಕೋವಿ ಬೀಸಿದರೆ ಗುಂಡೂ ಪಕ್ಕಕ್ಕೆ ಎಸೆದಂತಾಗಿ ಮುಂದೆ ಹೋಗುತ್ತದೆ ಎಂದು ನಂಬಿದವರಿದ್ದಾರೆ. ಅದನ್ನೂ ಲೆಕ್ಕ ಹಾಕಿ ನೋಡಿದ್ದೇನೆ. ನಿಮ್ಮ ಜಿಂಕೆಯ ವಿಷಯದಲ್ಲಿ ಆ ಎಸೆತದಿಂದ ಸಿಗುವುದು ಅರ್ಧ ಸೆಂಟಿಮೀಟರ್.

ಮೂಗಿಗೋ ಭುಜಕ್ಕೋ ಎಂದು ನಿಮ್ಮ ಗುಂಪಿನ ಇಬ್ಬರು ಎರಡು ಮಾತು ಹೇಳಿದ್ದಕ್ಕೆ ಕಾರಣವೂ ಇದರಲ್ಲಿಯೇ ಇದೆ. ಒಬ್ಬರು ಪ್ರಾಣಿಯ ಹಿಂದಿನಿಂದ ಕೋವಿಯನ್ನು ವೇಗವಾಗಿ ತಂದು, ಮೈ ದಾಟಿಸುತ್ತಾ ಒತ್ತುತ್ತಾರೆ. ಅವರ ಕೋವಿ ಪ್ರಾಣಿಗಿಂತ ವೇಗವಾಗಿರುವುದರಿಂದ ಆ 0.2 ಸೆಕೆಂಡಿನಲ್ಲಿ ಅದು ತಾನಾಗಿಯೇ ಮುಂದೆ ಹೋಗಿರುತ್ತದೆ. “ಭುಜಕ್ಕೇ ಹೊಡೆದೆ” ಎಂದು ಅವರಿಗೆ ಪ್ರಾಮಾಣಿಕವಾಗಿ ಅನಿಸುತ್ತದೆ. ಇನ್ನೊಬ್ಬರು ಪ್ರಾಣಿಯ ವೇಗಕ್ಕೇ ಕೋವಿ ಹೊಂದಿಸಿ, ಮುಂದೆ ಇಷ್ಟು ಎಂದು ಅಂತರ ಉಳಿಸಿಕೊಂಡು ಒತ್ತುತ್ತಾರೆ. ಅವರ ಕಣ್ಣಿಗೆ ಕಂಡದ್ದು ಮೂಗು. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಆದರೆ ಒಬ್ಬರ ಕೈಯ ವೇಗ ಇನ್ನೊಬ್ಬರಿಗೆ ಬರುವುದಿಲ್ಲ, ಹಾಗಾಗಿ ಒಬ್ಬರ ಮಾತನ್ನು ಹಿಡಿದು ಇನ್ನೊಬ್ಬರು ಹೊಡೆದರೆ ಪ್ರಾಣಿ ಗಾಯಗೊಳ್ಳುತ್ತದೆ. ಪ್ರಾಣಿ ಓರೆಯಾಗಿ ಹೋಗುತ್ತಿದ್ದರೆ ಅಂತರ ಮತ್ತೆ ಬದಲಾಗುತ್ತದೆ. ನಿಮ್ಮ ನೋಟದ ಗೆರೆಗೆ 45 ಡಿಗ್ರಿ ಕೋನದಲ್ಲಿ ಹೋಗುತ್ತಿದ್ದರೆ ಹತ್ತರಲ್ಲಿ ಏಳು ಪಾಲು, 30 ಡಿಗ್ರಿಯಾದರೆ ಅರ್ಧ.

ಇನ್ನು ನೈತಿಕತೆಯ ಮಾತು. ಅದೂ ನನಗೆ ಇದೇ ಲೆಕ್ಕದಿಂದ ಹುಟ್ಟುತ್ತದೆ. ನಿಂತ ಪ್ರಾಣಿಗೆ ಹೊಡೆಯುವಾಗ ತಪ್ಪು ನಾಲ್ಕೂ ಕಡೆಗೆ ಹಂಚಿಹೋಗುತ್ತದೆ. ಓಡುವ ಪ್ರಾಣಿಯ ವಿಷಯದಲ್ಲಿ ಹಾಗಲ್ಲ. ಕೋವಿ ನಿಂತುಹೋಗುವುದು, ಅಂತರ ಸಾಲದಿರುವುದು, ಬೆರಳು ತಡವಾಗುವುದು, ಈ ಎಲ್ಲ ತಪ್ಪುಗಳೂ ಗುಂಡನ್ನು ಹಿಂದಕ್ಕೇ ಒಯ್ಯುತ್ತವೆ. ಹಿಂದೆ ಇರುವುದು ಜಠರ, ಕರುಳು, ತೊಡೆ. ಶ್ವಾಸಕೋಶಕ್ಕೆ ಬಿದ್ದ ಪ್ರಾಣಿ ಕೆಲವು ಸೆಕೆಂಡುಗಳಲ್ಲಿ ಮುಗಿಯುತ್ತದೆ. ಕರುಳಿಗೆ ಬಿದ್ದದ್ದು ಗಂಟೆಗಟ್ಟಲೆ ಬದುಕಿರುತ್ತದೆ, ಎಲ್ಲ ಅನುಭವಿಸುತ್ತಾ. ನಮ್ಮ ಕೈಯ ಸಹಜ ದೌರ್ಬಲ್ಯ ಅದರ ಅತಿ ಕೆಟ್ಟ ಸಾವಿನ ಕಡೆಗೇ ವಾಲಿದೆ. ಇದು ಗೊತ್ತಿದ್ದೂ ಅಭ್ಯಾಸವಿಲ್ಲದೆ ಒತ್ತುವುದನ್ನು ನಾನು ಧೈರ್ಯ ಎಂದು ಕರೆಯಲಾರೆ.

ನಾನು ಒತ್ತಿದ್ದೇನೆ, ಅದನ್ನೂ ಹೇಳಬೇಕು. ಮೂರನೆಯ ಋತು. ಮೂರು ಜಿಂಕೆಗಳು ಸಾಲಾಗಿ ನೆಗೆಯುತ್ತಾ ಹೋಗುತ್ತಿದ್ದವು, ದೂರ 90 ಮೀಟರ್. ಕೊನೆಯದಕ್ಕೆ ಹೊಡೆದೆ. ಮುಂದೆ ಎಷ್ಟು ಗುರಿ ಇಡಬೇಕು ಎಂಬುದನ್ನು ಆ ಬೇಸಿಗೆಯಿಡೀ ಅಭ್ಯಾಸ ಮಾಡಿದ್ದೆ, ಆ ಅಂತರ ಸರಿಯಾಗಿಯೇ ಇತ್ತು. ಆದರೆ ಜಿಂಕೆ ಹಳಿಯ ಮೇಲೆ ಓಡುವುದಿಲ್ಲ. ಒತ್ತಿದಾಗ ಅದು ನೆಲ ಬಿಟ್ಟು ಮೇಲೇರುತ್ತಿತ್ತು, ಗುಂಡು ತಲುಪಿದಾಗ ಅದರ ಎದೆ ಇನ್ನೂ ಮೇಲಿತ್ತು. ಗುಂಡು ಮುಂಗಾಲಿಗೆ ಬಿತ್ತು. ಮುಗ್ಗರಿಸಿತು, ಎದ್ದಿತು, ಉಳಿದ ಎರಡರ ಹಿಂದೆಯೇ ಹೋಯಿತು. ಗುಂಡು ಬಿದ್ದಾಗ ಅದು ಇದ್ದ ಜಾಗದಲ್ಲಿ ಕತ್ತರಿಸಿದಂಥ ಕೂದಲು, ಬೆರಳ ಉಗುರಿನಷ್ಟು ಎಲುಬಿನ ಚೂರು, ನಾಲ್ಕು ಹನಿ ರಕ್ತ. ಕತ್ತಲಾಗುವವರೆಗೆ ಹಿಂಬಾಲಿಸಿದೆ, ಕಳೆದುಕೊಂಡೆ. ಬೆಳಿಗ್ಗೆ ಜಾಡು ಹಿಡಿಯುವ ನಾಯಿಯೊಂದಿಗೆ ಒಬ್ಬರು ಬಂದರು. ಬಿದ್ದ ಮರವೊಂದರ ಅಡಿಯಲ್ಲಿ ಅದು ಮಲಗಿತ್ತು, ತಲೆ ಎತ್ತಿ ನಮ್ಮನ್ನು ನೋಡಿತು. ನನ್ನ ಮೊದಲ ಗುಂಡಿಗೂ ಎರಡನೆಯದಕ್ಕೂ ನಡುವೆ 19 ಗಂಟೆ. ಆ 19 ಗಂಟೆಯಲ್ಲಿ ನಾನು ಊಟ ಮಾಡಿದ್ದೆ, ಸ್ವಲ್ಪ ಹೊತ್ತು ನಿದ್ದೆಯನ್ನೂ ಮಾಡಿದ್ದೆ.

ಅಂದಿನಿಂದ ಒಂದು ಪುಸ್ತಕ ಇಟ್ಟಿದ್ದೇನೆ. ದಿನಾಂಕ, ದೂರ, ಪ್ರಾಣಿಯ ನಡೆ, ಹೊಡೆದದ್ದು ಅಥವಾ ಬಿಟ್ಟದ್ದು, ಬಿಟ್ಟರೆ ಯಾಕೆ. ಕಳೆದ ಋತುವಿನಲ್ಲಿ 14 ಅವಕಾಶ, 5 ಗುಂಡು. ಬಿಟ್ಟ ಒಂಬತ್ತರಲ್ಲಿ ಆರರ ಎದುರು “ಓಟ” ಎಂದು ಬರೆದಿದೆ.

ಹಾಗಾದರೆ ಓಡುವ ಗುರಿಗೆ ಹೊಡೆಯುವುದನ್ನು ಕಲಿಯುವುದೇ ಬೇಡವೇ? ಕಲಿಯಲೇಬೇಕು. ನಾನು ವರ್ಷವಿಡೀ ಕಲಿಯುತ್ತೇನೆ, ನಿಮಗೂ ಅದನ್ನೇ ಹೇಳುತ್ತೇನೆ, ಎರಡನೆಯ ಗುಂಡಿಗಾಗಿ. ನಿಂತ ಪ್ರಾಣಿಗೆ ಹೊಡೆದ ಗುಂಡೂ ಕೆಲವೊಮ್ಮೆ ಕೆಡುತ್ತದೆ. ಆಗ ಗಾಯಗೊಂಡ ಪ್ರಾಣಿ ನಿಮ್ಮ ಕಣ್ಣೆದುರೇ ಓಡುತ್ತಿರುತ್ತದೆ, ಅದನ್ನು ಅಲ್ಲಿಯೇ ಮುಗಿಸುವ ಹೊಣೆ ನಿಮ್ಮದು. ಗಾಯಗೊಳ್ಳದ ಪ್ರಾಣಿಗೆ ಓಡುವಾಗ ಹೊಡೆಯದಿರುವುದು ಮತ್ತು ಗಾಯಗೊಂಡದ್ದು ಓಡುವಾಗ ಹೊಡೆಯಲೇಬೇಕಾದದ್ದು, ಎರಡಕ್ಕೂ ಕಾರಣ ಒಂದೇ.

ಕಲಿಯಬಹುದೇ ಎಂಬ ಅನುಮಾನ ಬೇಡ. 1912ರ ಸ್ಟಾಕ್‌ಹೋಮ್ ಒಲಿಂಪಿಕ್ಸ್‌ನಲ್ಲಿ “ಓಡುವ ಜಿಂಕೆ” ಎಂಬ ಸ್ಪರ್ಧೆಯೇ ಇತ್ತು. 100 ಮೀಟರ್ ದೂರದಲ್ಲಿ ಜಿಂಕೆಯಾಕಾರದ ಗುರಿ 23 ಮೀಟರನ್ನು 4 ಸೆಕೆಂಡಿನಲ್ಲಿ ದಾಟುತ್ತಿತ್ತು. ಅದರಲ್ಲಿ ತಂಡದೊಂದಿಗೆ ಚಿನ್ನ ಗೆದ್ದ ಸ್ವೀಡನ್ನಿನ ಆಸ್ಕರ್ ಸ್ವಾನ್‌ಗೆ ಆಗ 64 ವರ್ಷ. 1920ರಲ್ಲಿ, 72ನೆಯ ವಯಸ್ಸಿನಲ್ಲಿ, ಮತ್ತೆ ಬೆಳ್ಳಿ ಗೆದ್ದರು. 1972ರಿಂದ 1988ರವರೆಗೆ ಒಲಿಂಪಿಕ್ಸ್‌ನಲ್ಲಿದ್ದ 50 ಮೀಟರಿನ ಓಡುವ ಹಂದಿಯ ಸ್ಪರ್ಧೆ ನಿಮ್ಮ ತೆರಪಿಗೆ ಬಹಳ ಹತ್ತಿರ. ಅಲ್ಲಿ ಗುರಿ ಕಾಣುವ ಕಿಂಡಿ 10 ಮೀಟರ್, ನಿಧಾನದ ಓಟಕ್ಕೆ 5 ಸೆಕೆಂಡು, ವೇಗದ್ದಕ್ಕೆ 2.5 ಸೆಕೆಂಡು. ಓಡುವ ಹಲಗೆ ಇರುವ ಯಾವುದಾದರೂ ಅಭ್ಯಾಸ ಮೈದಾನಕ್ಕೆ ಹೋಗಿ ಅದೇ ವೇಗದಲ್ಲಿ ಹತ್ತು ಗುಂಡು ಹೊಡೆಯಿರಿ. 20 ಸೆಂಟಿಮೀಟರ್ ವೃತ್ತದೊಳಗೆ ಒಂಬತ್ತು ಬಿದ್ದರೆ ನಿಮ್ಮ ಎರಡನೆಯ ಪ್ರಶ್ನೆಯನ್ನು ಮತ್ತೆ ಕೇಳಿ. ಅದಕ್ಕಿಂತ ಕಡಿಮೆಯಾದರೆ ಉತ್ತರ ನಿಮ್ಮ ಹಲಗೆಯ ಮೇಲೆಯೇ ಇದೆ.

---

ಸೋವುಗಾರ

ಹಳೆಯ ಹೆಜ್ಜೆ ಅವರ ಲೆಕ್ಕವನ್ನು ಒಪ್ಪುತ್ತೇನೆ, ತೀರ್ಮಾನವನ್ನು ಅರ್ಧ ಮಾತ್ರ ಒಪ್ಪುತ್ತೇನೆ. ಓಡುವುದಕ್ಕೆ ಹೊಡೆಯುವುದೇ ಇಲ್ಲ ಎಂದರೆ ಸೋವುಬೇಟೆಯನ್ನೇ ನಿಲ್ಲಿಸಬೇಕಾಗುತ್ತದೆ. ಕಾಡುಹಂದಿಗಳ ಸಂಖ್ಯೆ ಇಳಿಸಬೇಕಾದಲ್ಲಿ ಒಬ್ಬೊಬ್ಬರೇ ಮರದ ಮೇಲೆ ಕುಳಿತು ಕಾಯುವುದರಿಂದ ಆಗುವ ಕೆಲಸ ಬಹಳ ಕಡಿಮೆ. ವಾರಗಟ್ಟಲೆ ದಿನವೂ ಕಾಡಿಗೆ ನುಗ್ಗಿ ಪ್ರಾಣಿಗಳ ನೆಮ್ಮದಿ ಕೆಡಿಸುವುದಕ್ಕಿಂತ ಒಂದು ದಿನ ಸರಿಯಾಗಿ ಸೋವಿ, ಉಳಿದ ದಿನ ಅವುಗಳ ಪಾಡಿಗೆ ಬಿಡುವುದು ಒಳ್ಳೆಯದು ಎಂಬುದು ನನ್ನ ಅನುಭವ.

ನಾನು ಬೇಟೆಗಳನ್ನು ಏರ್ಪಡಿಸುವವನು. ಪ್ರಾಣಿ ಎಷ್ಟು ವೇಗವಾಗಿ ಬರುತ್ತದೆ ಎಂಬುದು ಬಹುಪಾಲು ಏರ್ಪಡಿಸುವವರ ಕೈಯಲ್ಲಿದೆ. ಗಲಾಟೆ ಮಾಡುತ್ತಾ ಸಾಲಾಗಿ ನುಗ್ಗಿದರೆ ಅವು ನಾಗಾಲೋಟದಲ್ಲಿ ಬರುತ್ತವೆ. ಗಿಡ್ಡ ಕಾಲಿನ, ಬೊಗಳುತ್ತಾ ನಿಧಾನವಾಗಿ ಜಾಡು ಹಿಡಿಯುವ ನಾಯಿಗಳನ್ನು ಬಿಟ್ಟರೆ ಜಿಂಕೆ ನಾಯಿಗಿಂತ ಸ್ವಲ್ಪವೇ ಮುಂದೆ, ನಿಂತು ನಿಂತು ಕಿವಿ ತಿರುಗಿಸುತ್ತಾ ಬರುತ್ತದೆ. ಇನ್ನೊಂದು ತಪ್ಪು, ಬಿಲ್ಲುಗಳನ್ನು ತೆರಪಿನ ಅಂಚಿಗೆ ಇಡುವುದು. ಯಾವ ಪ್ರಾಣಿಯೂ ಬಯಲನ್ನು ನಿಧಾನವಾಗಿ ದಾಟುವುದಿಲ್ಲ. ಬಿಲ್ಲನ್ನು ಪೊದೆಯ ಒಳಕ್ಕೆ, ಅವು ನಡೆದು ಬರುವ ಕಂಡಿಯ ತಿರುವಿಗೆ ಇಟ್ಟರೆ ದೂರ 30–40 ಮೀಟರಿಗೆ ಇಳಿಯುತ್ತದೆ, ಓಟ ನಡಿಗೆಯಾಗುತ್ತದೆ. ಮುಂಜಾವು ಅವರ ಗುಂಪಿನವರು ಹೊಸಬರನ್ನು 12 ಮೀಟರ್ ತೆರಪಿನ ಎದುರು ನಿಲ್ಲಿಸಿ, ಆಮೇಲೆ ಅವರನ್ನೇ ಆಕ್ಷೇಪಿಸಿದ್ದು ನನಗೆ ಸರಿ ಕಾಣಲಿಲ್ಲ.

ಇನ್ನೂ ಒಂದು ಮಾತು, ಅದನ್ನು ಯಾರೂ ಎತ್ತಲಿಲ್ಲ. ಓಡಿ ಬಂದ ಹೆಣ್ಣು ಜಿಂಕೆಯ ಹಿಂದೆ ಮರಿ ಇತ್ತೇ? ಸೋವಿನಲ್ಲಿ ತಾಯಿ ಮುಂದೆ, ಮರಿ ಇಪ್ಪತ್ತು ಮೂವತ್ತು ಹೆಜ್ಜೆ ಹಿಂದೆ ಬರುವುದು ಸಾಮಾನ್ಯ. ತಾಯಿಯನ್ನು ಮೊದಲು ಹೊಡೆದರೆ ಮರಿ ಅನಾಥ. ಮೂರು ಸೆಕೆಂಡಿನಲ್ಲಿ ವೇಗವನ್ನೂ ದೂರವನ್ನೂ ಅಳೆಯಬಹುದು, ಇದನ್ನು ತಿಳಿಯಲಾಗುವುದಿಲ್ಲ. ನನ್ನ ಬೇಟೆಗಳಲ್ಲಿ ಹೆಣ್ಣು ಪ್ರಾಣಿ ಒಂಟಿಯಾಗಿ ಬಂದರೆ ಬಿಡಬೇಕು ಎಂಬುದು ಕಟ್ಟುನಿಟ್ಟು. ಹೊಡೆಯುವುದಿದ್ದರೆ ಮರಿ ಮೊದಲು, ತಾಯಿ ಆಮೇಲೆ. ಕೇಳಲು ಕಠೋರವಾಗಿದೆ, ಆದರೆ ಬೇರೆ ಕ್ರಮ ಅದಕ್ಕಿಂತ ಕಠೋರ.

---

ಹಳೆಯ ಹೆಜ್ಜೆ

ಮರಿಯ ಮಾತು ನನಗೆ ಹೊಳೆಯದೇ ಹೋಯಿತಲ್ಲ. ಸೋವುಗಾರ ಅವರೇ, ನೀವು ಹೇಳಿದಂತೆ 35 ಮೀಟರಿನಲ್ಲಿ ಪಕ್ಕ ಕೊಟ್ಟು ನಡೆಯುತ್ತಿರುವ ಪ್ರಾಣಿಗೆ ನಾನೂ ಹೊಡೆಯುತ್ತೇನೆ. ನಡಿಗೆ ಸೆಕೆಂಡಿಗೆ ಒಂದೂವರೆ ಮೀಟರ್ ಎಂದರೆ ಗುಂಡು ತಲುಪುವಷ್ಟರಲ್ಲಿ ಅದು ಸರಿದಿರುವುದು 7 ಸೆಂಟಿಮೀಟರ್. ಅದು ನನ್ನ ಕೈಯೊಳಗಿನ ತಪ್ಪು. ನನ್ನ ಪುಸ್ತಕದಲ್ಲಿ ಅದು “ಓಟ” ಅಲ್ಲ, “ನಡೆ”. ಆದರೆ ಏರ್ಪಡಿಸುವವರೆಲ್ಲ ನಿಮ್ಮ ಹಾಗೆ ಬಿಲ್ಲು ಇಡುವುದಿಲ್ಲ. ಇಡದಿದ್ದಾಗ ಟ್ರಿಗರ್ ಒತ್ತದೆ ಬಿಡುವ ಹೊಣೆ ನಿಂತವರದೇ ಆಗುತ್ತದೆ.

ಕೋವಿ ಬೀಸುವಾಗಿನ ಅಪಾಯವನ್ನೂ ಸೇರಿಸಬೇಕಿತ್ತು. ಕಣ್ಣು ಪ್ರಾಣಿಗೆ ಅಂಟಿಕೊಂಡಿರುವಾಗ ನಳಿಗೆ ಎಲ್ಲಿಗೆ ತಿರುಗುತ್ತಿದೆ ಎಂಬುದು ಮರೆತುಹೋಗುತ್ತದೆ. ಪಕ್ಕದ ಬಿಲ್ಲಿನವರು ಇರುವ ಕಡೆಗೆ 30 ಡಿಗ್ರಿ ಬಿಟ್ಟು ಎರಡೂ ಬದಿ ಒಂದೊಂದು ಕೋಲು ನೆಟ್ಟುಕೊಳ್ಳಿ. ಕೋಲು ದಾಟಿದ ಪ್ರಾಣಿ ನಿಮ್ಮದಲ್ಲ. ಪೊದೆ ಅಲುಗಿತು, ಸದ್ದಾಯಿತು ಎಂದು ಹೊಡೆಯುವವರಿಗಂತೂ ಹೇಳುವುದೇನಿದೆ? ನೀರು ತುಂಬುವ ಸದ್ದಿಗೆ ಬಾಣ ಬಿಟ್ಟ ದಶರಥನಿಗೆ ಗುರಿ ತಪ್ಪಿರಲಿಲ್ಲ.

---

ನೀರಹಕ್ಕಿ

ನಾನು ರೈಫಲ್ ಮುಟ್ಟಿದವನಲ್ಲ, ಚರೆಕೋವಿಯವನು, ಅಂದರೆ ಒಂದೇ ಗುಂಡಿನ ಬದಲು ಚರೆ ಎಂಬ ಸಣ್ಣ ಕಾಳುಗಳನ್ನು ಒಟ್ಟಿಗೆ ಹಾರಿಸುವ ಕೋವಿಯವನು. ನಮ್ಮಲ್ಲಿ ನ್ಯಾಯವೇ ತಲೆಕೆಳಗು. ನೀರಿನ ಮೇಲೆ ಕುಳಿತ ಬಾತಿಗೆ ಹೊಡೆಯುವುದನ್ನು ನಮ್ಮವರು ಹೀನ ಎಂದು ಎಣಿಸುತ್ತಾರೆ, ಹಾರುವುದಕ್ಕೇ ಹೊಡೆಯಬೇಕು. ನಾನು ಇಪ್ಪತ್ತು ವರ್ಷ ಇದನ್ನು ಶುದ್ಧ ಧರ್ಮವೆಂದೇ ನಂಬಿದ್ದೆ. ಈಗ ಅಷ್ಟು ಖಚಿತವಿಲ್ಲ.

ವೇಗವಾಗಿ ಹಾರುವ ಬಾತು ಸೆಕೆಂಡಿಗೆ 18 ಮೀಟರ್ ಹೋಗುತ್ತದೆ. ಚರೆಯ ವೇಗ ಗುಂಡಿನ ಅರ್ಧಕ್ಕಿಂತಲೂ ಕಡಿಮೆ, ದೂರ ಹೋದಂತೆ ಬೇಗ ಇಳಿಯುತ್ತದೆ. 30 ಮೀಟರಿನಲ್ಲಿ ಹಕ್ಕಿಗಿಂತ ಸುಮಾರು 1.7 ಮೀಟರ್ ಮುಂದೆ ಹೊಡೆಯಬೇಕು. ಚರೆ ಹರಡುವುದರಿಂದ ಸಣ್ಣ ತಪ್ಪು ಮುಚ್ಚಿಹೋಗುತ್ತದೆ, ನಮ್ಮ ಧೈರ್ಯಕ್ಕೆ ಮೂಲ ಅದೇ. ಆದರೆ ಹರಡಿದ ಚರೆಯ ಅಂಚಿನಲ್ಲಿ ಕಾಳುಗಳು ವಿರಳ. ಅಂಚಿಗೆ ಸಿಕ್ಕ ಹಕ್ಕಿ ಬೀಳುವುದಿಲ್ಲ, ರೆಕ್ಕೆ ಬಡಿಯುತ್ತಾ ಹೋಗಿಬಿಡುತ್ತದೆ, ನಾವು “ತಪ್ಪಿತು” ಎನ್ನುತ್ತೇವೆ.

ಅದು ತಪ್ಪಿರಲಿಲ್ಲ ಎಂಬುದನ್ನು ಡೆನ್ಮಾರ್ಕಿನ ಸಂಶೋಧಕರು 1990ರ ದಶಕದಲ್ಲಿ ತೋರಿಸಿದರು. ಗುಲಾಬಿ ಕಾಲಿನ ಹೆಬ್ಬಾತುಗಳನ್ನು ಜೀವಂತ ಹಿಡಿದು ಎಕ್ಸ್‌ರೇ ತೆಗೆದರು. ವಯಸ್ಕ ಹಕ್ಕಿಗಳಲ್ಲಿ ಸುಮಾರು ಮೂರರಲ್ಲೊಂದರ ಮೈಯಲ್ಲಿ ಚರೆ ಇತ್ತು. ಬದುಕಿ ಹಾರುತ್ತಿದ್ದ ಹಕ್ಕಿಗಳ ಲೆಕ್ಕ ಇದು, ಸತ್ತವು ಇದರಲ್ಲಿ ಸೇರಿಲ್ಲ. ಆಮೇಲೆ ಆ ದೇಶದಲ್ಲಿ ಬೇಟೆಗಾರರೇ ಸೇರಿ, ಹತ್ತಿರದಿಂದ ಮಾತ್ರ ಹೊಡೆಯಿರಿ ಎಂದು ದೊಡ್ಡ ಪ್ರಚಾರ ನಡೆಸಿದರು, ಚರೆ ಹೊತ್ತ ಹಕ್ಕಿಗಳ ಪಾಲು ಇಳಿಯಿತು. ಅದನ್ನು ಓದಿದ ದಿನ ನಾನು “ತಪ್ಪಿತು” ಎಂದ ಹಕ್ಕಿಗಳನ್ನೆಲ್ಲ ನೆನೆದುಕೊಂಡೆ. ಈಗ 25 ಮೀಟರಿಗೆ ಒಂದು ಗೂಟ ನೆಡುತ್ತೇನೆ, ಅದರಾಚೆಗೆ ಕೋವಿ ಎತ್ತುವುದಿಲ್ಲ. ಗುಂಪಿಗೆ ಹೊಡೆಯುವುದನ್ನು ಪೂರ್ತಿ ಬಿಟ್ಟಿದ್ದೇನೆ, ಒಂದು ಹಕ್ಕಿಯನ್ನು ಆರಿಸಿ ಅದಕ್ಕೇ ಹೊಡೆಯುತ್ತೇನೆ.

---

ಮೂಗಿನ ಹಿಂದೆ

ಹಳೆಯ ಹೆಜ್ಜೆ ಅವರ ಕಥೆಯಲ್ಲಿ ಬೆಳಿಗ್ಗೆ ನಾಯಿ ತಂದವರಂತೆ ನನ್ನದೂ ಅದೇ ಕೆಲಸ. ಹನ್ನೊಂದು ವರ್ಷ, ಎರಡು ನಾಯಿ. ನನಗೆ ಕರೆ ಬರುವುದು ಎಲ್ಲ ಕೆಟ್ಟ ಮೇಲೆ. ಕರೆ ಮಾಡುವವರು ಸಾಮಾನ್ಯವಾಗಿ “ನಿಂತಿತ್ತು, ಪಕ್ಕ ಕೊಟ್ಟಿತ್ತು” ಎನ್ನುತ್ತಾರೆ. ಜಾಗಕ್ಕೆ ಹೋದರೆ ನೆಲದ ಮೇಲೆ ಗೊರಸು ಅಗೆದ ಗುರುತು, ಒಂದಕ್ಕೊಂದು ಎರಡು ಮೂರು ಮೀಟರ್ ಅಂತರ. ನಿಂತ ಪ್ರಾಣಿ ಹಾಗೆ ಹೆಜ್ಜೆ ಬಿಡುವುದಿಲ್ಲ. ನನಗೆ ನಿಜ ಹೇಳಿ, ದಯವಿಟ್ಟು. ನಾನು ಬೈಯಲು ಬರುವುದಿಲ್ಲ. ಓಡುತ್ತಿತ್ತು ಎಂದು ಗೊತ್ತಾದರೆ ಗುಂಡು ಹಿಂದೆ ಬಿದ್ದಿರಬಹುದು ಎಂದು ನಾಯಿಯನ್ನು ಬಿಡುವ ಹೊತ್ತನ್ನೇ ಬದಲಿಸುತ್ತೇನೆ.

ಹೊಡೆದ ಮೇಲೆ ಓಡಿಹೋಗಿ ನೋಡಬೇಡಿ. ನೀವು ನಿಂತ ಜಾಗ ಗುರುತು ಮಾಡಿ, ಪ್ರಾಣಿ ಇದ್ದ ಜಾಗ ಗುರುತು ಮಾಡಿ. ರಕ್ತ ತಿಳಿಗೆಂಪಾಗಿ ನೊರೆಯಿದ್ದರೆ ಶ್ವಾಸಕೋಶ, ಸಾಮಾನ್ಯವಾಗಿ ಹತ್ತಿರದಲ್ಲೇ ಬಿದ್ದಿರುತ್ತದೆ. ಕಂದುಗೆಂಪು, ದಟ್ಟವಾಗಿದ್ದರೆ ಪಿತ್ತಜನಕಾಂಗ. ಹಸಿರು ಬೆರೆತು ವಾಸನೆ ಬರುತ್ತಿದ್ದರೆ ಜಠರ ಅಥವಾ ಕರುಳು. ಆಗ ತಕ್ಷಣ ಹಿಂಬಾಲಿಸುವುದೇ ದೊಡ್ಡ ತಪ್ಪು. ಪ್ರಾಣಿ ಹತ್ತಿರದಲ್ಲೇ ಎಲ್ಲೋ ಮಲಗಿರುತ್ತದೆ, ಎಬ್ಬಿಸಿದರೆ ಕಿಲೋಮೀಟರುಗಟ್ಟಲೆ ಹೋಗುತ್ತದೆ. ನಾಲ್ಕು ಗಂಟೆಗೂ ಹೆಚ್ಚು ಕಾಯಬೇಕು. ಆ ಕಾಯುವಿಕೆ ಎಷ್ಟು ಹಿಂಸೆ ಎಂದು ನನಗೆ ಗೊತ್ತು, ಪ್ರಾಣಿಗೆ ಎಷ್ಟು ಎಂಬುದೂ ಗೊತ್ತು. ಕೂದಲನ್ನೂ ನೋಡಿ: ಉದ್ದವಾದ ಬಿಳಿಯದಾದರೆ ಹೊಟ್ಟೆಯ ಅಡಿಯದು.

ಏನೂ ಕಾಣದಿದ್ದರೆ ತಪ್ಪಿತು ಎಂದು ಮನೆಗೆ ಹೋಗಬೇಡಿ. ಹೃದಯಕ್ಕೇ ಬಿದ್ದ ಜಿಂಕೆ ಕೂಡ 50–100 ಮೀಟರ್ ಓಡಬಲ್ಲದು, ಮೊದಲ ಹೆಜ್ಜೆಗಳಲ್ಲಿ ರಕ್ತ ಇರದೆಯೂ ಇರಬಹುದು. ಸ್ವೀಡನ್ನಿನಲ್ಲಿ ಗಾಯಗೊಂಡ ದೊಡ್ಡ ಪ್ರಾಣಿಯ ಜಾಡು ಹಿಡಿಯಲು ತರಬೇತಾದ ನಾಯಿ ಎರಡು ಗಂಟೆಯೊಳಗೆ ಜಾಗ ತಲುಪುವಂತಿರಬೇಕು ಎಂದು ನಿಯಮವೇ ಇದೆ. ನಿಮ್ಮಲ್ಲಿ ನಿಯಮ ಇಲ್ಲದಿದ್ದರೂ ಬೇಟೆಗೆ ಮೊದಲೇ ಒಂದು ನಾಯಿಯವರ ಸಂಖ್ಯೆಯನ್ನು ಮೊಬೈಲ್‌ನಲ್ಲಿ ಇಟ್ಟುಕೊಳ್ಳಿ. ಇಲ್ಲದಿದ್ದರೆ ಆ ದಿನ ಓಡುವುದಕ್ಕಷ್ಟೇ ಅಲ್ಲ, ನಿಂತದ್ದಕ್ಕೂ ಹೊಡೆಯಬೇಡಿ.

---

ಮುಂಜಾವು

ಎಲ್ಲರಿಗೂ ನಮಸ್ಕಾರ. ನಿನ್ನೆ ಓಡುವ ಹಲಗೆ ಇರುವ ಮೈದಾನಕ್ಕೆ ಹೋಗಿದ್ದೆ. 50 ಮೀಟರ್, ನಿಧಾನದ ಓಟ, ಹತ್ತಕ್ಕೆ ಏಳು. ವೇಗದ ಓಟ, ಹತ್ತಕ್ಕೆ ಮೂರು. ತಪ್ಪಿದ ಏಳರಲ್ಲಿ ಆರು ಹಿಂದೆಯೇ ಬಿದ್ದಿದ್ದವು, ಎಲ್ಲವೂ ಹೊಟ್ಟೆಯ ಜಾಗದಲ್ಲಿ. ಆ ರಂಧ್ರಗಳ ಮೇಲೆ ಬೆರಳಿಟ್ಟು ಸ್ವಲ್ಪ ಹೊತ್ತು ನಿಂತಿದ್ದೆ. ಒತ್ತುವ ಕ್ಷಣದಲ್ಲಿ ಕೋವಿ ನಿಲ್ಲುತ್ತಿದೆ ಎಂದು ಪಕ್ಕದಲ್ಲಿದ್ದವರು ಹೇಳುವವರೆಗೆ ನನಗೆ ಗೊತ್ತೇ ಆಗಿರಲಿಲ್ಲ.

ಪರವಾನಗಿ ಪರೀಕ್ಷೆಯಲ್ಲಿ ನನಗೆ ಒಳ್ಳೆಯ ಅಂಕ ಬಂದಿತ್ತು, ಆದರೆ ಅಲ್ಲಿ ಗುರಿ ನಿಂತಿತ್ತು. ನಾರ್ವೆಯಲ್ಲಿ ಪ್ರತಿವರ್ಷ ನಡೆಯುವ ಪರೀಕ್ಷೆಯಲ್ಲೂ 100 ಮೀಟರಿನಲ್ಲಿ ಐದು ಗುಂಡು 30 ಸೆಂಟಿಮೀಟರ್ ವೃತ್ತದೊಳಗೆ ಬೀಳಬೇಕು, ಅಲ್ಲಿಯೂ ಗುರಿ ನಿಂತೇ ಇರುತ್ತದೆ ಎಂದು ತಿಳಿದೆ. ಪಾಸಾದವರು ಯಾವುದರಲ್ಲಿ ಪಾಸಾದೆವು ಎಂಬುದನ್ನು ನೆನಪಿಡಬೇಕು.

ಗುಂಪಿನ ಹಿರಿಯರೊಂದಿಗೆ ಮಾತನಾಡಿದೆ. ಹಲಗೆಯ ಕಾಗದವನ್ನೇ ತೋರಿಸಿದೆ. ಅವರು ಬಹಳ ಹೊತ್ತು ನೋಡಿ, ನನ್ನ ಬಿಲ್ಲನ್ನು 40 ಮೀಟರ್ ಒಳಕ್ಕೆ, ಕಂಡಿ ತಿರುಗುವಲ್ಲಿಗೆ ಬದಲಿಸಲು ಒಪ್ಪಿದರು. ಅಲ್ಲಿಂದ ಕಂಡಿಗೆ 30 ಮೀಟರ್. ನಾಯಿಯವರ ಸಂಖ್ಯೆಯೂ ಮೊಬೈಲ್‌ನಲ್ಲಿದೆ. ಇನ್ನೊಂದೇ ಪ್ರಶ್ನೆ: ನಡೆಯುತ್ತಿರುವ ಜಿಂಕೆಯನ್ನು ಸದ್ದು ಮಾಡಿ ನಿಲ್ಲಿಸಬಹುದು ಎನ್ನುತ್ತಾರೆ, ನಿಜವೇ?

---

ಹಳೆಯ ಹೆಜ್ಜೆ

ನಿಜ, ನಡೆಯುತ್ತಿದ್ದರೆ. ನಾಗಾಲೋಟದಲ್ಲಿರುವುದು ಯಾವ ಸದ್ದಿಗೂ ನಿಲ್ಲುವುದಿಲ್ಲ, ಇನ್ನಷ್ಟು ಹೆದರುತ್ತದೆ. ನಾಲಿಗೆಯಿಂದ ಒಂದು ಸಣ್ಣ ಟಕ್ ಎಂಬ ಸದ್ದು ಅಥವಾ ಮೆಲ್ಲನೆಯ ಒಂದು ಸಿಳ್ಳೆ ಸಾಕು. ಕ್ರಮ ಮುಖ್ಯ. ಮೊದಲು ಹಿಂದೆ ಮರಿ ಇಲ್ಲ, ಮನುಷ್ಯರಿಲ್ಲ, ನೆಲವಿದೆ ಎಂದು ನೋಡಿ. ಆಮೇಲೆ ಕೋವಿ ಭುಜಕ್ಕೆ, ಸೇಫ್ಟಿ ತೆಗೆದು, ಅದು ಮುಂದೆ ಬಂದು ನಿಲ್ಲಲಿರುವ ಜಾಗಕ್ಕೆ ಸ್ಕೋಪ್. ಎಲ್ಲ ಸಿದ್ಧವಾದ ಮೇಲೆ ಸದ್ದು. ಅದು ತಲೆ ಎತ್ತಿ ನಿಮ್ಮ ಕಡೆಗೆ ನೋಡುತ್ತದೆ, ನಿಮಗೆ ಎರಡು ಸೆಕೆಂಡು ಸಿಗುತ್ತದೆ. ಕಣ್ಣಿಗೆ ಕಣ್ಣು ಸಿಗುವ ಕ್ಷಣ ಅದು, ಮೊದಲ ಸಲ ಕೈ ನಡುಗುತ್ತದೆ. ನಡುಗಿದರೆ ಒತ್ತಬೇಡಿ, ಬೆರಳನ್ನು ಹೊರಗೆ ತೆಗೆದು ಸೇಫ್ಟಿ ಹಾಕಿ, ಅದು ಹೋಗಲಿ. ಪುಸ್ತಕ ಇಡುವುದಾದರೆ ಅದನ್ನೂ ಬರೆಯಿರಿ: 30 ಮೀಟರ್, ನಿಂತದ್ದು, ಬಿಟ್ಟದ್ದು.